ಆ 1225 ಹಿರಿಯರಿಗೆ, ಮತ್ತು ಸಿಮೆಂಟ್ ಕಲಸುವ ಕೈಗಳಿಗೆ

ತೊಡೆಮೂಳೆಯ ಕತ್ತು ಮುರಿದು ನೋವಿನಲ್ಲಿ ಮಲಗಿದವರನ್ನು "ನಿಮ್ಮ ಕೃತಕ ಕೀಲನ್ನು ಮೂಳೆಯೊಳಗೆ ಕೂರಿಸಲು ಸಿಮೆಂಟ್ ಬೇಕೋ ಬೇಡವೋ, ಚೀಟಿ ಎತ್ತಿದ ಹಾಗೆ ತೀರ್ಮಾನ ಮಾಡ್ತೀವಿ, ಆಗಬಹುದಾ?" ಎಂದು ಕೇಳಿದರೆ ಹೂಂ ಅನ್ನುವುದು ಸುಲಭವಲ್ಲ. ಬ್ರಿಟನ್ನಿನಲ್ಲಿ 60 ದಾಟಿದ 1225 ಮಂದಿ ಹೂಂ ಅಂದು ಅಂಥದೊಂದು ಅಧ್ಯಯನಕ್ಕೆ ಸೇರಿದರು. ಮರೆವಿನ ಕಾಯಿಲೆಯಿಂದ ತಾವೇ ಹೇಳಲಾಗದವರ ಪರವಾಗಿ ಅವರನ್ನು ಬಲ್ಲವರು ಒಪ್ಪಿದರು. ಆಕ್ಸ್‌ಫರ್ಡ್ ತಂಡದ ಮುಂದಾಳತ್ವದ ಆ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಮೊದಲ ನಮಸ್ಕಾರ ಅವರೆಲ್ಲರಿಗೆ.

ಆಸ್ಟಿನ್ ಮೂರ್ ಎಂಬಂಥ, ಸಿಮೆಂಟ್ ಬಳಸದ ಹಳೆಯ ಸ್ಟೆಮ್‌ಗಿಂತ (ಸ್ಟೆಮ್ ಅಂದರೆ ತೊಡೆಮೂಳೆಯೊಳಗೆ ಇಳಿಸುವ ಕೀಲಿನ ಲೋಹದ ಕಂಬಿ) ಸಿಮೆಂಟ್ ಮೇಲು ಅನ್ನುವುದು ಮೊದಲೇ ಗೊತ್ತಿತ್ತು. ವಾದ ಉಳಿದಿದ್ದು ಹೈಡ್ರಾಕ್ಸಿಅಪಟೈಟ್ (ಮೂಳೆಯ ಖನಿಜದಂಥ ವಸ್ತು) ಲೇಪದ, ಸಿಮೆಂಟ್ ಬೇಡದ ಹೊಸ ಸ್ಟೆಮ್‌ಗಳ ಬಗ್ಗೆ. ನಾಲ್ಕು ತಿಂಗಳ ಹೊತ್ತಿಗೆ ಸಿಮೆಂಟ್ ಹಾಕಿಸಿಕೊಂಡವರ ಬದುಕಿನ ಗುಣಮಟ್ಟ ತುಸು ಚೆನ್ನಾಗಿತ್ತು. ಸ್ಟೆಮ್ ಸುತ್ತಲಿನ ಮೂಳೆ ಮತ್ತೆ ಮುರಿದದ್ದು ಸಿಮೆಂಟ್ ಗುಂಪಿನಲ್ಲಿ 0.5%, ಇನ್ನೊಂದರಲ್ಲಿ 2.1%. ವರ್ಷದೊಳಗಿನ ಸಾವು ಕ್ರಮವಾಗಿ 23.9% ಮತ್ತು 27.8%. ಈ ಅಂತರ ಆಕಸ್ಮಿಕವೂ ಇದ್ದೀತು. ಆದರೆ ಸಿಮೆಂಟ್ ಹಾಕಿದರೆ ಸಾವು ಹೆಚ್ಚುತ್ತದೆ ಎಂಬ ಹಳೆಯ ಭಯಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ತೀರಿಕೊಂಡವರೂ ಈ ಲೆಕ್ಕದಲ್ಲಿದ್ದಾರೆ; ಅವರ ಮನೆಯವರಿಗೂ ನಾವು ಋಣಿ.

ಸಿಮೆಂಟ್ ಇಲ್ಲದಾಗ ಮೂಳೆ ಹೆಚ್ಚು ಮುರಿಯುವ ಕಾರಣ ಸರಳ. ಸಿಮೆಂಟ್ ಇಲ್ಲದ ಸ್ಟೆಮ್ ಬಿಗಿಯಾಗಿ ಕೂರಬೇಕಾದರೆ ಸುತ್ತಿಗೆಯಿಂದ ಬಡಿದು ಇಳಿಸಬೇಕು. ಎಂಬತ್ತರ ಅಜ್ಜಿಯ ಮೂಳೆ ಗೋಡೆ ತೆಳ್ಳಗೆ, ಒಳನಾಳ ಕೊಳವೆಯ ಹಾಗೆ ಅಗಲ. ಜೋರಾಗಿ ಬಡಿದರೆ ಬಿರುಕು ಬಿಡುತ್ತದೆ, ಹೆದರಿ ಚಿಕ್ಕ ಸೈಜು ಹಾಕಿದರೆ ಸ್ಟೆಮ್ ಕೆಳಗೆ ಜಾರಿ ತೊಡೆನೋವು. ಮೂಳೆ ಸಿಮೆಂಟ್ ಹೆಸರಿಗಷ್ಟೇ ಅಂಟು; ನಿಜಕ್ಕೂ ಸಂದಿ ತುಂಬುವ ಗಾರೆ.

ಆ ಗಾರೆಯ ಕೆಲಸ ಹತ್ತು-ಹನ್ನೆರಡು ನಿಮಿಷದ್ದು. ಅದನ್ನು ನಡೆಸಿಕೊಡುವ ಥಿಯೇಟರ್ ಸಿಬ್ಬಂದಿಗೆ ಎರಡನೆಯ ನಮಸ್ಕಾರ. ಸ್ಟೆಮ್ ತುದಿಗಿಂತ ಒಂದೆರಡು ಸೆಂ.ಮೀ. ಕೆಳಗೆ, ಸಿಮೆಂಟ್ ಆಚೆ ಇಳಿಯದಂತೆ ತಡೆಯುವ ಪ್ಲಗ್ ಇಳಿಸಿ, ನಾಳವನ್ನು ಪಲ್ಸ್ ಲವಾಜ್‌ನಿಂದ (ಬಿಟ್ಟು ಬಿಟ್ಟು ದ್ರವ ಚಿಮ್ಮಿಸುವ ಸಾಧನ) ಚೆನ್ನಾಗಿ ತೊಳೆದು ಒಣಗಿಸಬೇಕು. ಕೊಬ್ಬು, ರಕ್ತ ಉಳಿದರೆ ಸಿಮೆಂಟ್ ಮೂಳೆಯ ರಂಧ್ರಗಳೊಳಗೆ ಹಿಡಿಯುವುದಿಲ್ಲ. ಒಂದು ಪ್ಯಾಕ್ ಅಂದರೆ 40 ಗ್ರಾಂ ಪುಡಿ, ಸುಮಾರು 20 ಮಿ.ಲೀ. ದ್ರವ, ಸಾಮಾನ್ಯವಾಗಿ ಎರಡು ಪ್ಯಾಕ್ ಬೇಕು. ವ್ಯಾಕ್ಯೂಮ್‌ನಲ್ಲಿ ಕಲಸಿದರೆ ಗಾಳಿಗುಳ್ಳೆ ಕಡಿಮೆ. ಸಿಮೆಂಟ್ ಒತ್ತುವ ಗನ್ನಿನಿಂದ ತಳದಿಂದ ಮೇಲಕ್ಕೆ ತುಂಬಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಎಸಿ ಕೈಕೊಟ್ಟರೆ ಸಿಮೆಂಟ್ ಬೇಗ ಗಟ್ಟಿಯಾಗಿ ಸ್ಟೆಮ್ ಅರ್ಧದಲ್ಲೇ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಅರಿವಳಿಕೆ ತಜ್ಞರ ಹೆಸರನ್ನು ರೋಗಿಯ ಮನೆಯವರು ಕೇಳುವುದೇ ಅಪರೂಪ. ಸಿಮೆಂಟ್ ಒತ್ತಿದಾಗ ಮಜ್ಜೆ, ಕೊಬ್ಬು ರಕ್ತಕ್ಕೆ ನುಗ್ಗಿ ಶ್ವಾಸಕೋಶ ತಲುಪಬಹುದು. ಬಿಪಿ ಕುಸಿಯುತ್ತದೆ, ಆಮ್ಲಜನಕ ಇಳಿಯುತ್ತದೆ. ಹೃದಯ, ಶ್ವಾಸಕೋಶದ ಕಾಯಿಲೆ ಇದ್ದವರಿಗೆ ಇದರ ಭಯ ಹೆಚ್ಚು. ಅದಕ್ಕೇ ಸರ್ಜನ್ "ಸಿಮೆಂಟ್ ಹಾಕ್ತಿದ್ದೀವಿ" ಎಂದು ಗಟ್ಟಿಯಾಗಿ ಹೇಳುವುದು, ಅರಿವಳಿಕೆ ತಜ್ಞರು ಔಷಧಿಯ ಸಿರಿಂಜ್ ಕೈಗೆತ್ತಿಕೊಂಡು ಪರದೆಯ ಮೇಲೆ ಕಣ್ಣಿಡುವುದು. ತೀರಾ ನಿತ್ರಾಣರಿಗೆ ಸಿಮೆಂಟೇ ಬೇಡವೆಂದು ಇವರು ಹೇಳಿದರೆ ಆ ಮಾತು ನಡೆಯಬೇಕು.

ಸ್ಕ್ರಬ್ ನರ್ಸ್ ಅಕ್ಕಂದಿರಿಗೆ ಕಡೆಯ ನಮಸ್ಕಾರ. ಮಿಕ್ಕ ಸಿಮೆಂಟನ್ನು ಗೋಲಿಯಷ್ಟು ಉಂಡೆ ಮಾಡಿ ಬೆರಳ ನಡುವೆ ಹೊರಳಿಸುತ್ತಿರುತ್ತಾರೆ. ಹಿಟ್ಟಿನಂತಿದ್ದದ್ದು ಬಿಸಿಯಾಗುತ್ತದೆ, ಬಿಗಿಯುತ್ತದೆ, ಆಮೇಲೆ ತಟ್ಟೆಗೆ ಬಡಿದರೆ ಟಣ್ ಅನ್ನುತ್ತದೆ. ಅವರು "ಗಟ್ಟಿಯಾಯ್ತು ಸರ್" ಅನ್ನುವ ತನಕ ಸ್ಟೆಮ್ ಹಿಡಿದ ಕೈ ಅಲುಗುವ ಹಾಗಿಲ್ಲ.