ಮಳಿಗೆ ಕೆಡವುವ ಮುನ್ನ ಬಾಡಿಗೆದಾರರ ಪಟ್ಟಿ ತೆಗೆಯಿರಿ

ಮಾನ್ಯರೇ,

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಮಾತೆತ್ತಿದರೆ ಎರಡೇ ವಾದ: ವಯಸ್ಸಾಗಿದೆ ಕೆಡವಿ, ಇಲ್ಲವೇ ಪರಂಪರೆ ಉಳಿಸಿ. ವೈಸರಾಯ್ ಲ್ಯಾನ್ಸ್‌ಡೌನ್ 1892ರಲ್ಲಿ ಮೈಸೂರಿಗೆ ಬಂದ ನೆನಪಿಗೆ ಎದ್ದ ಆ ಮಳಿಗೆ ಸಾಲಿನ ಒಂದು ಭಾಗ 2012ರ ಆಗಸ್ಟ್ 25ರಂದು ಕುಸಿದು ನಾಲ್ವರು ಸತ್ತರು. ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ 2016ರ ಆಗಸ್ಟ್ 28ರಂದು ಬಿತ್ತು. ಇಂಥ ಮಳಿಗೆಗಳಲ್ಲಿ ಒಬ್ಬರ ನಂತರ ಒಬ್ಬರು ಯಾರಿದ್ದರು, ಗೋಡೆಗೆ ಏನು ಮಾಡಿಸಿದರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಆ ಕಾಲದ ಪೇಟೆ ಕಟ್ಟಡಗಳಲ್ಲಿ ಮದ್ರಾಸ್ ತಾರಸಿ ಸಾಮಾನ್ಯ. ಒಂದು–ಒಂದೂವರೆ ಅಡಿಗೊಂದು ಜಂತೆ, ಮೇಲೆ ಒಂದಂಗುಲ ದಪ್ಪದ ಸಣ್ಣ ಇಟ್ಟಿಗೆಯನ್ನು ಅಂಚಿನ ಮೇಲೆ ಓರೆಯಾಗಿ ಕೂರಿಸಿ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆ ಜಲ್ಲಿ ಹಾಕಿ ಬಡಿಯುತ್ತಿದ್ದರು. ನೀರು ಹೋಗುವ ದೋಣಿ ಕಟ್ಟಿಕೊಂಡರೆ ಕೊಳೆಯುವುದು ಜಂತೆಯ ನಡುಭಾಗವಲ್ಲ, ಗೋಡೆಯೊಳಗೆ ಹುದುಗಿದ ತುದಿ. ಕೆಳಗಿನಿಂದ ನೋಡಿದರೆ ಜಂತೆ ಗಟ್ಟಿಯಾಗಿಯೇ ಕಾಣುತ್ತದೆ. ಅಷ್ಟರಲ್ಲಿ ಹೊಸ ಬಾಡಿಗೆದಾರ ಫಾಲ್ಸ್ ಸೀಲಿಂಗ್ ಹಾಕಿಸಿದನೆಂದರೆ ಕಥೆ ಮುಗಿಯಿತು.

ಪ್ರತಿ ವ್ಯಾಪಾರವೂ ತನ್ನ ಗುರುತು ಬಿಟ್ಟು ಹೋಗುತ್ತದೆ. ಉಪ್ಪಿನ ಮೂಟೆ ಇಟ್ಟಿದ್ದ ಮಳಿಗೆಯಲ್ಲಿ ಗೋಡೆಯ ಬುಡದ ಗಾರೆ ಬೆರಳಿಗೆ ಪುಡಿಯಾಗಿ ಬರುತ್ತದೆ. ಮುಂದೆ ಬಂದ ಬಟ್ಟೆ ಅಂಗಡಿಯವರು ಅದನ್ನು ಮುಚ್ಚಲು ಮೂರಡಿ ಎತ್ತರಕ್ಕೆ ಸಿಮೆಂಟ್ ಬಳಿಸುತ್ತಾರೆ. ಹೊರಬರಲು ದಾರಿಯಿಲ್ಲದ ತೇವ ಮೇಲೇರಿ ನಾಲ್ಕನೇ ಅಡಿಯಲ್ಲಿ ಒಡೆಯುತ್ತದೆ. ನಂಬರು ಹಾಕಿದ ಹಲಗೆ ಬಾಗಿಲು ತೆಗೆದು ರೋಲಿಂಗ್ ಶಟರ್ ಕೂರಿಸುವಾಗ ಕಮಾನಿನ ಕಾಲನ್ನೇ ಕೆತ್ತಿರುತ್ತಾರೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಮಹಡಿಯ ಮನೆ ಗೋಡೌನ್ ಆದಲ್ಲಿ ಭಾರದ ಲೆಕ್ಕವೇ ತಪ್ಪುತ್ತದೆ. ಇಂದಿನ ಮಾನದಂಡ ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಹಿಡಿದರೆ, ಅಂಗಡಿಗೆ 400. ಗೋಡೌನಿಗೆ ಇನ್ನೂ ಹೆಚ್ಚು.

ಬಾಡಿಗೆದಾರರ ಪಟ್ಟಿ ಸಿಗುವುದು ಎಲ್ಲಿ? ಖಾಸಗಿ ಮಳಿಗೆಯಾದರೆ ಎಲ್ಲರೂ ಮೊದಲು ಋಣಭಾರ ಪತ್ರಕ್ಕೆ ಓಡುತ್ತಾರೆ. ಅದರಲ್ಲಿ ಮಾಲೀಕರು ಸಿಗುತ್ತಾರೆ, ಬಾಡಿಗೆಯವರು ಸಿಗುವುದು ಅಪರೂಪ. ವರ್ಷ ಮೀರಿದ ಗುತ್ತಿಗೆಗೆ ಮಾತ್ರ ನೋಂದಣಿ ಕಡ್ಡಾಯ. ಕರಾರುಗಳೆಲ್ಲ 11 ತಿಂಗಳಿಗೆ ನಿಲ್ಲುವುದು ಅದಕ್ಕೇ. ಒಳಬಾಡಿಗೆಯಂತೂ ಯಾವ ಕಾಗದದಲ್ಲೂ ಇರದು. ಹೆಚ್ಚು ಉಪಯೋಗಕ್ಕೆ ಬರುವುದು ಪಾಲಿಕೆ ಆರೋಗ್ಯ ಶಾಖೆಯ ವ್ಯಾಪಾರ ಪರವಾನಗಿ ವಹಿ ಮತ್ತು ವಿದ್ಯುತ್ ಮೀಟರಿನ ಆರ್.ಆರ್. ನಂಬರ್. ಅಂಗಡಿ ಕೈ ಬದಲಾದರೂ ಆ ನಂಬರು ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಮಂಜೂರಾದ ಲೋಡ್ ಒಮ್ಮೆಲೇ ಏರಿದ ವರ್ಷ ಅಲ್ಲಿಗೆ ಹಿಟ್ಟಿನ ಗಿರಣಿಯೋ ದೊಡ್ಡ ಫ್ರಿಜ್ಜೋ ಬಂದಿರಬಹುದು. ಗಿರಣಿಯಾದರೆ ಅದರ ನಡುಕಕ್ಕೆ ಸುಣ್ಣದ ಗಾರೆಯ ಬೆಸುಗೆ ಸಡಿಲಾಗಿದೆಯೇ ನೋಡಬೇಕು.

ಮಾಹಿತಿ ಹಕ್ಕಿನಲ್ಲಿ ಕೇಳುವವರಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದಗಳೊಳಗೆ, ಒಂದೇ ವಿಷಯದ್ದಾಗಿರಬೇಕು. ಹಾಗಾಗಿ ಕಂದಾಯ ಮತ್ತು ಆರೋಗ್ಯ ಶಾಖೆಗಳಿಗೆ ಬೇರೆ ಬೇರೆ ಅರ್ಜಿ ಹಾಕಿ. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ.

ಒಂದು ಮಳಿಗೆಗೆ ಒಂದು ಹಾಳೆ ಮಾಡಿ, ವ್ಯಾಪಾರ ಮತ್ತು ಬದಲಾವಣೆಗಳನ್ನು ವರ್ಷವಾರು ಬರೆಯಲಿ. ಕಟ್ಟಡ ಪರಿಶೀಲಿಸುವವರು ಅದನ್ನು ಕೈಯಲ್ಲಿ ಹಿಡಿದೇ ಹೋಗಲಿ. ಮೊದಲು ಬಿಚ್ಚಬೇಕಾದದ್ದು ದೋಣಿಯ ಕೆಳಗಿನ ಜಂತೆಯ ತುದಿ. ಅದಕ್ಕೂ ಮುನ್ನ ಎರಡೂ ಪಕ್ಕದ ಜಂತೆಗಳಿಗೆ ಕೆಳಗಿನಿಂದ ಆಸರೆ ಕಂಬ ಕೊಟ್ಟಿರಬೇಕು.

– ಹಳೆಯ ಗಾರೆ ಕಟ್ಟಡಗಳ ಕೆಲಸ ಬಲ್ಲ ಓದುಗರು, ಮೈಸೂರು