ಮನೆಗೊಂದು ಹಣ, ಇಪ್ಪತ್ತು ಆಳು: ನಮ್ಮ ಶಾಸಕರಿಗೆ ಒಂದು ಬಿನ್ನಹ

ಮಾನ್ಯ ಶಾಸಕರಿಗೆ ನಮಸ್ಕಾರ.

ನನ್ನ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ. ಮುಖ ಗೊತ್ತಿರುತ್ತದೆ. ನೀವು ವೇದಿಕೆ ಹತ್ತುವ ಮುಂಚೆ 'ಹಲೋ, ಮೈಕ್ ಟೆಸ್ಟಿಂಗ್' ಅಂತ ಎರಡು ಸಲ ಕೂಗಿ, ಮೈಕನ್ನು ನಿಮ್ಮ ಎತ್ತರಕ್ಕೆ ಸರಿ ಮಾಡಿ ಪಕ್ಕಕ್ಕೆ ಸರಿಯುವವನು ನಾನು. ಶಾಮಿಯಾನ, ಕುರ್ಚಿ, ಮೈಕ್ ಸೆಟ್ ಬಾಡಿಗೆಗೆ ಕೊಡುವುದು ನನ್ನ ಕಸುಬು. ಮೂವತ್ತು ವರ್ಷವಾಯಿತು. ಗಣಪತಿ ಪೆಂಡಾಲಿಗೂ ನಾನೇ, ಉರುಸಿಗೂ ನಾನೇ, ಮಾರಮ್ಮನ ಹಬ್ಬಕ್ಕೂ ನಾನೇ. ಹಬ್ಬದ ಮುಂಚೆ ನಡೆಯುವ ಶಾಂತಿ ಸಭೆಗೂ ಮೈಕ್ ಹಾಕುವವನು ನಾನೇ.

ಆ ಶಾಂತಿ ಸಭೆಯ ವಿಷಯಕ್ಕೇ ಈ ಕಾಗದ.

ಹೋದ ವರ್ಷದ ಸಭೆ ನಿಮಗೆ ನೆನಪಿದೆ ಅಲ್ವಾ? ಎರಡೂ ಕಡೆಯ ಹಿರಿಯರು ಬಂದಿದ್ದರು. ಎಲ್ಲರೂ ನಾವು ಅಣ್ಣತಮ್ಮಂದಿರು ಅಂದರು. ಟೀ, ಬಿಸ್ಕತ್ತು ಆಯಿತು. ಕೈ ಕೈ ಹಿಡಿದು ಫೋಟೋ ತೆಗೆಸಿಕೊಂಡರು. ಎಂಟು ದಿನ ಬಿಟ್ಟು ಗಣಪತಿ ಬಿಡುವ ಮೆರವಣಿಗೆ ಮಸೀದಿ ತಿರುವಿಗೆ ಬಂತು. ಸೌಂಡ್ ಕಮ್ಮಿ ಮಾಡಿ ಅಂದರು ಕೆಲವರು, ಮಾಡಲ್ಲ ಅಂದರು ಕೆಲವರು. ಯಾರು ಮೊದಲು ಕೈ ಎತ್ತಿದರು ಅಂತ ನಾನಿಲ್ಲಿ ಬರೆಯಲ್ಲ. ನನ್ನ ಎರಡು ಬಾಕ್ಸ್ ಒಡೆದವು. ತಿರುವಿನಲ್ಲಿದ್ದ ಟೈಲರ್ ಅಂಗಡಿಯ ಗಾಜು ಪುಡಿಯಾಯಿತು. ದೇವರ ದಯೆ, ಯಾರ ಜೀವಕ್ಕೂ ಏನೂ ಆಗಲಿಲ್ಲ.

ಮಾರನೇ ದಿನ ಎರಡೂ ಕಡೆಯವರು ಒಂದೇ ಮಾತು ಹೇಳಿದರು: 'ಸಭೆಯಲ್ಲಿ ಹಾಗೆ ಮಾತಾಗಿರಲಿಲ್ಲ.' ಸುಳ್ಳೇನಲ್ಲ ಸರ್. ಏನು ಮಾತಾಗಿತ್ತು ಅಂತ ಯಾರೂ ಬರೆದೇ ಇರಲಿಲ್ಲ. ಮೈಕ್ ಪಕ್ಕದಲ್ಲೇ ನಿಂತಿದ್ದ ನನಗೂ ನೆನಪಿರಲಿಲ್ಲ.

ಆಮೇಲೆ ಒಂದು ಮದುವೆ ಕೆಲಸಕ್ಕೆ ಶ್ರವಣಬೆಳಗೊಳಕ್ಕೆ ಹೋಗಿದ್ದೆ. ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು, ಈಗ ರಿಟೈರ್ ಆಗಿದ್ದಾರೆ, ಅದೇ ಮದುವೆಗೆ ಬಂದಿದ್ದರು. ಅವರಿಗೆ ಹಳೇ ಶಾಸನ ಓದುವ ಹುಚ್ಚು. ಊಟವಾದ ಮೇಲೆ 'ಬಾರೋ, ನಿನಗೆ ಬೇಕಾದ ಒಂದು ಕಲ್ಲು ತೋರಿಸ್ತೀನಿ' ಅಂತ ಭಂಡಾರಿ ಬಸದಿಗೆ ಕರೆದುಕೊಂಡು ಹೋದರು. ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ ಬಸದಿ ಅದು. ಮೇಷ್ಟ್ರು ತೋರಿಸಿದ ಕಲ್ಲು ಅದಕ್ಕಿಂತ ಇನ್ನೂರು ವರ್ಷ ಆಮೇಲಿನದು. ವಿಜಯನಗರದ ಬುಕ್ಕರಾಯನದು, 1368ನೇ ಇಸವಿ.

ಕಲ್ಲಿನ ಮೇಲಿರುವ ತಿಥಿ ಭಾದ್ರಪದ ಶುದ್ಧ ದಶಮಿ, ಗುರುವಾರ. ಅಂದರೆ ಚೌತಿಯಾಗಿ ಆರು ದಿನ. ನಮ್ಮೂರಲ್ಲಿ ಬಾಕ್ಸ್ ಒಡೆಯುವ ಹೊತ್ತಿಗೆ ಸರಿಯಾಗಿ!

ಅವತ್ತಿನ ಜಗಳ ಜೈನರಿಗೂ ಶ್ರೀವೈಷ್ಣವರಿಗೂ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮುಂತಾದ ಊರುಗಳ ಜೈನರು ಒಟ್ಟಾಗಿ ಬುಕ್ಕರಾಯನ ಹತ್ತಿರ ಹೋಗಿ, 'ಭಕ್ತರು ಮಾಡುವ ಅನ್ಯಾಯಂಗಳನು ಬಿನ್ನಹಂ' ಮಾಡಿಕೊಂಡರು. ಭಕ್ತರು ಅಂದರೆ ಇಲ್ಲಿ ವೈಷ್ಣವರು. ಆ 'ಅನ್ಯಾಯ' ಅನ್ನುವ ಮಾತನ್ನು ಕಲ್ಲಿನಲ್ಲಿ ಹಾಗೇ ಬಿಟ್ಟಿದ್ದಾರೆ ನೋಡಿ. ನಮ್ಮ ಕಡೆ ಆಗಿದ್ದರೆ 'ಸಣ್ಣಪುಟ್ಟ ಭಿನ್ನಾಭಿಪ್ರಾಯ' ಅಂತ ಬರೆಸುತ್ತಿದ್ದರು.

ಜಗಳದಲ್ಲಿ ದೊಡ್ಡ ಪಾಲು ಯಾವುದರದ್ದು ಗೊತ್ತಾ? ನನ್ನ ಕಸುಬಿನದ್ದೇ. ಸೌಂಡಿಂದು! ಜೈನರು ಪಂಚಮಹಾವಾದ್ಯ ಬಾರಿಸಬಹುದೋ ಇಲ್ಲವೋ, ಕಳಶ ಇಟ್ಟುಕೊಳ್ಳಬಹುದೋ ಇಲ್ಲವೋ ಅನ್ನುವುದು. ಇಷ್ಟಕ್ಕೆ ಜಗಳವಾ ಅಂತ ನಾನು ನಕ್ಕೆ. ಮೇಷ್ಟ್ರು ನಗಲಿಲ್ಲ. ಆ ಕಾಲದಲ್ಲಿ ಐದು ವಾದ್ಯ ಬಾರಿಸಿಕೊಂಡು ಬರುವುದು ಮರ್ಯಾದೆಯ ಗುರುತು ಅಂತ ಬಿಡಿಸಿ ಹೇಳಿದರು. ದೊಡ್ಡ ಅರಸ ತನ್ನ ಕೈಕೆಳಗಿನ ಸಾಮಂತನಿಗೆ ಕೊಡುತ್ತಿದ್ದ ಹಕ್ಕು ಅದು. ಹೊಯ್ಸಳ ವಿಷ್ಣುವರ್ಧನನಂಥವನ ಬಿರುದಾವಳಿಯೂ 'ಸಮಧಿಗತ ಪಂಚಮಹಾಶಬ್ದ' ಅಂತಲೇ ಶುರುವಾಗುತ್ತದೆ. ಐದು ಶಬ್ದದ ಹಕ್ಕು ಪಡೆದವನು ಅಂತ ಅರ್ಥ. ಅರಸನಿಗೆ ಇದ್ದದ್ದೆಲ್ಲ ದೇವರಿಗೂ ಇತ್ತು: ಕೊಡೆ, ಚಾಮರ, ಪಲ್ಲಕ್ಕಿ, ವಾದ್ಯ. ಒಂದು ದೇವರ ಮುಂದೆ ವಾದ್ಯ ನಿಲ್ಲಿಸಿದರೆ ಆ ದೇವರನ್ನೂ, ಅದನ್ನು ನಂಬಿದವರನ್ನೂ ಗದ್ದುಗೆಯಿಂದ ಕೆಳಗಿಳಿಸಿದ ಹಾಗೆ. ಯಾರ ಸೌಂಡ್ ನಿಲ್ಲಬೇಕು, ಯಾರದ್ದು ಕೇಳಬೇಕು ಅನ್ನುವ ಪ್ರಶ್ನೆ ನಮ್ಮ ಮಸೀದಿ ತಿರುವಿನಲ್ಲಿ ಹುಟ್ಟಿದ್ದಲ್ಲ ಸರ್. ನಾನು ಮೂವತ್ತು ವರ್ಷ ವೈರ್ ಎಳೆದರೂ ಇದು ನನಗೆ ಹೊಳೆದಿರಲಿಲ್ಲ.

ಬುಕ್ಕರಾಯ ಏನು ಮಾಡಿದ? ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಮುಂದಿಟ್ಟುಕೊಂಡು ತೀರ್ಮಾನ ಮಾಡಿದ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಯ ಆಚಾರ್ಯರ ಹೆಸರು ಬರುವುದು ಸರಿ, ಅವರು ದೊಡ್ಡವರು. ಆದರೆ ಆ ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ತಣ್ಣೀರವರು, ಅಂದರೆ ನೀರಿನ ಸೇವೆಯವರು, ಬರುತ್ತಾರೆ. ಬೋವಿಗಳು ಬರುತ್ತಾರೆ. ತಿರುಕುಲ, ಜಾಂಬವಕುಲದವರು ಬರುತ್ತಾರೆ. ಮುಟ್ಟಿಸಿಕೊಳ್ಳದೆ ಊರಾಚೆ ಇಟ್ಟಿದ್ದ ಜನ ಅವರು. ಒಪ್ಪಂದಕ್ಕೆ ಅವರ ಹೆಸರೂ ಬೇಕಾಯಿತು. ನಮ್ಮ ಶಾಂತಿ ಸಭೆಗೆ ಯಾರು ಬರುತ್ತಾರೆ ಹೇಳಿ? ಮುಖಂಡರು ಮಾತ್ರ. ತಮಟೆಯವರಿಲ್ಲ, ಟ್ರ್ಯಾಕ್ಟರ್ ಓಡಿಸುವ ಹುಡುಗನಿಲ್ಲ, ಪಟಾಕಿ ಹಚ್ಚುವವನಿಲ್ಲ, ಡಿಜೆಯವನಿಲ್ಲ. ನಾನಿರುತ್ತೇನೆ, ಆದರೆ ಕುರ್ಚಿ ಎಣಿಸಿಕೊಳ್ಳುವುದಕ್ಕೆ. ನನ್ನನ್ನು ಒಂದು ಮಾತು ಕೇಳಿದ್ದರೆ, ಆ ತಿರುವಿನಲ್ಲಿ ಗಾಡಿ ನಿಂತೇ ನಿಲ್ಲುತ್ತದೆ, ರಸ್ತೆ ಅಗಲವೇ ಇಲ್ಲ ಅಂತ ಹೇಳುತ್ತಿದ್ದೆ.

ಅವರೆಲ್ಲರ ಎದುರಿಗೆ ರಾಯ ಎರಡು ದರ್ಶನಕ್ಕೂ ಭೇದವಿಲ್ಲ ಅಂದ. 'ವೈಷ್ಣವರ ಕೈಯಲ್ಲಿ ಜೈನರ ಕೈವಿಡಿದು ಕೊಟ್ಟು' ಅನ್ನುತ್ತದೆ ಕಲ್ಲು. ಮದುವೆಯಲ್ಲಿ ಹೆಣ್ಣು ಒಪ್ಪಿಸುತ್ತಾರಲ್ಲ, ಹಾಗೆ. ಫೋಟೋ ಒಂದು ಇರಲಿಲ್ಲ ಅಷ್ಟೇ.

ಇಲ್ಲಿಗೆ ನಿಲ್ಲಿಸಿದ್ದರೆ ಅವನದೂ ಟೀ ಬಿಸ್ಕತ್ತಿನ ಸಭೆಯೇ ಆಗುತ್ತಿತ್ತು. ನಿಲ್ಲಿಸಲಿಲ್ಲ. ಮೊದಲಿನಿಂದ ನಡೆದು ಬಂದ ಹಾಗೆ ಜೈನರಿಗೆ ಪಂಚಮಹಾವಾದ್ಯವೂ ಕಳಶವೂ ಸಲ್ಲಬೇಕು ಅಂತ ಬರೆಸಿದ. ಭಕ್ತರ ಕಡೆಯಿಂದ ಜೈನರಿಗೆ ಹಾನಿಯಾದರೆ ಅದನ್ನು ತಮ್ಮ ಹಾನಿ ಅಂತಲೇ ವೈಷ್ಣವರು ತಿಳಿಯಬೇಕು ಅಂತ ಬರೆಸಿದ. ರಾಜ್ಯದಲ್ಲಿರುವ ಬಸದಿಗಳಲ್ಲೆಲ್ಲ ಈ ಶಾಸನ ನೆಡಬೇಕು, ನೆಡುವವರು ವೈಷ್ಣವರೇ ಅಂತಲೂ ಇದೆ. ಬಲ ಜಾಸ್ತಿ ಇರುವವರ ಕೈಗೇ ಕಾಯುವ ಕೆಲಸ ಕೊಟ್ಟ. ತೂಕದ ಮಾತು ಇದು ಸರ್. ಟೈಲರ್ ಅಂಗಡಿಯ ಗಾಜು ಒಡೆದರೆ ಗಣಪತಿ ಸಮಿತಿಯ ಗಾಜು ಒಡೆದ ಹಾಗೆ. ನನ್ನ ಬಾಕ್ಸಿಗೆ ಕಲ್ಲು ಬಿದ್ದರೆ ಮಸೀದಿ ಕಮಿಟಿಯ ಬಾಕ್ಸಿಗೆ ಬಿದ್ದ ಹಾಗೆ. ಇದನ್ನು ಒಂದು ಹಾಳೆಯ ಮೇಲೆ ಬರೆದು ಸಹಿ ಹಾಕಿ ಅನ್ನಿ, ಎಷ್ಟು ಜನ ಎದ್ದು ಹೋಗುತ್ತಾರೆ ನೋಡೋಣ. ಕೂತವರಂತೂ ಗಟ್ಟಿ ಜನ.

ದುಡ್ಡಿನ ವಿಷಯವನ್ನೂ ಬಿಟ್ಟಿಲ್ಲ. ಜೈನರ ಒಂದೊಂದು ಮನೆಯೂ ವರ್ಷಕ್ಕೆ ಒಂದು ಹಣ ಕೊಡಬೇಕು. ಹಣ ಅಂದರೆ ಆಗಿನ ಸಣ್ಣ ಚಿನ್ನದ ನಾಣ್ಯ. ತಿರುಮಲೆಯ ತಾತಯ್ಯನವರ ಉಸ್ತುವಾರಿಯಲ್ಲಿ ಅದರಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳು ಇಡಬೇಕು. ಮಿಕ್ಕ ದುಡ್ಡಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಸುಣ್ಣದ ಲೆಕ್ಕ ಕೂಡ ಕಲ್ಲಿನ ಮೇಲೆ! ಜೈನ ದೇವರ ಕಾವಲಿನ ಉಸ್ತುವಾರಿ ವೈಷ್ಣವ ಗುರುವಿನದು ಅನ್ನುವುದನ್ನೂ ಗಮನಿಸಿ.

ಎಲ್ಲಾ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಅನ್ಯಾಯವಾಗಿದೆ ಅಂತ ದೂರು ಕೊಟ್ಟವರೇ ಕಾವಲಿನ ದುಡ್ಡು ಯಾಕೆ ಕೊಡಬೇಕು? ಅವರ ಒಪ್ಪಿಗೆಯಿಂದಲೇ ಅಂತ ಕಲ್ಲಿನಲ್ಲಿದೆ. ಇರಬಹುದು. ಅರಸನ ಮುಂದೆ ನಿಂತಾಗ ಒಪ್ಪಿಗೆ ಹೇಗೆ ಬರುತ್ತದೆ ಅಂತ ನಮಗೂ ಗೊತ್ತು. ಇನ್ನೊಂದು ತಮಾಷೆ. ಶಾಸನ ಶುರುವಾಗುವುದೇ ರಾಮಾನುಜಾಚಾರ್ಯರನ್ನು ಹೊಗಳುವ ಶ್ಲೋಕದಿಂದ. ಅದರಲ್ಲಿ ಅವರು 'ಪಾಷಂಡಸಾಗರ'ಕ್ಕೆ ಬಡಬಾಗ್ನಿ, ಅಂದರೆ ಸಮುದ್ರವನ್ನೇ ಒಳಗಿಂದ ಸುಡುವ ಬೆಂಕಿ. ಪಾಷಂಡರು ಅಂದರೆ ಬೇರೆ ಮತದ ದಾರಿಗೆಟ್ಟವರು ಅಂತ. ಜೈನರನ್ನು ಕಾಪಾಡುವ ಕಾಗದದ ತಲೆಯ ಮೇಲೇ ಆ ಮಾತು! ಮೇಷ್ಟ್ರು ಇದನ್ನು ಓದಿ ಜೋರಾಗಿ ನಕ್ಕರು. ಆ ಶ್ಲೋಕ ಇದ್ದರೂ ಅದರ ಕೆಳಗೆ ಈ ಒಪ್ಪಂದ ನಿಂತಿತಲ್ಲ ಅನ್ನುವುದೇ ನನಗೆ ಆಶ್ಚರ್ಯ. ಎದುರಿನವರ ಮೇಲೆ ಪ್ರೀತಿ ಉಕ್ಕಬೇಕು ಅಂತ ರಾಯ ಕಾಯುತ್ತಾ ಕೂರಲಿಲ್ಲ.

ಅವನು ಪುಣ್ಯಕ್ಕೆ ಮಾತ್ರ ಇಷ್ಟೆಲ್ಲ ಮಾಡಿದ ಅಂತಲೂ ನಾನು ನಂಬಲ್ಲ. ರಾಜ್ಯ ಹುಟ್ಟಿ ಮೂವತ್ತು ಚಿಲ್ಲರೆ ವರ್ಷ. ಉತ್ತರಕ್ಕೆ ಬಹಮನಿಯವರ ಜೊತೆ ಯುದ್ಧ ನಡೆದು ಜಾಸ್ತಿ ದಿನವಾಗಿರಲಿಲ್ಲ. ಒಳಗೆ ವ್ಯಾಪಾರ ಮಾಡುವ ಸೆಟ್ಟರು ಬೇಕು, ಮಠ ಗುಡಿಗಳ ಬೆಂಬಲ ಬೇಕು. ಅವನ ಮನೆತನದ ದೇವರು ಹಂಪಿಯ ವಿರೂಪಾಕ್ಷ. ಜಗಳ ಆಡಿದ ಎರಡೂ ಮತ ಅವನದಲ್ಲ. ಅದೂ ಅನುಕೂಲವಾಯಿತೇನೋ.

ಅರಸರು ಯಾವಾಗಲೂ ಹೀಗೇ ನಡೆದುಕೊಂಡರು ಅಂತಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಇನ್ನೊಂದು ತರಹದ ಕಥೆ ಹೇಳುತ್ತದೆ. ಏಕಾಂತದ ರಾಮಯ್ಯ ಅನ್ನುವ ಶಿವಭಕ್ತ ಜೈನರ ಜೊತೆ ಪಂತ ಕಟ್ಟಿ, ತನ್ನ ತಲೆ ಕತ್ತರಿಸಿಕೊಂಡು ಶಿವನಿಂದ ಮರಳಿ ಪಡೆದನಂತೆ. ಪಂತ ಗೆದ್ದವನು ಜಿನನ ವಿಗ್ರಹ ಒಡೆದ. ಜೈನರು ಅರಸ ಬಿಜ್ಜಳನಿಗೆ ದೂರು ಕೊಟ್ಟರು. ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟ. ಪವಾಡ ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ನೋಡುವುದು ಆ ಜಯಪತ್ರವನ್ನು. ಅದರಲ್ಲಿ ಗೆದ್ದವನೊಬ್ಬ, ಸೋತವನೊಬ್ಬ. ಬೆಳಗೊಳದ ಕಲ್ಲಿನಲ್ಲಿ ಗೆದ್ದವನ ಹೆಸರು ಹುಡುಕಿದರೂ ಸಿಗಲ್ಲ.

ಕೊನೆಯಲ್ಲಿ ಶಾಪ ಇದೆ. ಈ ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ತಪಸ್ವಿಯಾಗಲಿ ಊರಗೌಡನಾಗಲಿ, ಇದನ್ನು ಕೆಡಿಸಿದರೆ ಗಂಗೆಯ ದಡದಲ್ಲಿ ಹಸು ಕೊಂದ, ಬ್ರಾಹ್ಮಣನನ್ನು ಕೊಂದ ಪಾಪ. ಆಗ ಜನ ಇದಕ್ಕೆ ಹೆದರುತ್ತಿದ್ದರು. ಈಗ ಠಾಣೆಗೆ ಕರೆದರೂ ಹೆದರಲ್ಲ, ನಿಮಗೆ ಒಂದು ಫೋನ್ ಮಾಡಿಸಿ ಹೊರಗೆ ಬರುತ್ತಾರೆ. ಕೋಪ ಮಾಡಿಕೊಳ್ಳಬೇಡಿ, ಇದ್ದದ್ದು ಹೇಳಿದೆ. ಈ ಸಲ ಆ ಫೋನ್ ಎತ್ತಬೇಡಿ.

ನನ್ನ ಬಿನ್ನಹ ಇಷ್ಟೇ. ಮುಂದಿನ ಭಾದ್ರಪದದ ಶಾಂತಿ ಸಭೆಯಲ್ಲಿ ಭಾಷಣ ಅರ್ಧ ಗಂಟೆಗೆ ಮುಗಿಸಿ. ಆಮೇಲೆ ಒಬ್ಬ ಗುಮಾಸ್ತರನ್ನು ಕೂರಿಸಿ ಬರೆಸಿ. ಮೆರವಣಿಗೆ ಯಾವ ರಸ್ತೆ, ಎಷ್ಟು ಹೊತ್ತಿಗೆ ಆ ತಿರುವು ದಾಟಬೇಕು, ನಮಾಜಿನ ಹೊತ್ತು ಯಾವುದು, ಅಲ್ಲಿ ಎಷ್ಟು ಬಾಕ್ಸ್, ಎಷ್ಟು ಸೌಂಡ್. ಉರುಸಿಗೂ ಇದೇ ಲೆಕ್ಕ. ತಿರುವಿನಲ್ಲಿ ನಿಲ್ಲುವ ಇಪ್ಪತ್ತು ಜನ ಯಾರು ಅಂತ ಹೆಸರು ಹಿಡಿದು ಬರೆಸಿ. ಹತ್ತು ಜನ ಈ ಕಡೆಯವರು, ಹತ್ತು ಜನ ಆ ಕಡೆಯವರು, ಮಸೀದಿ ಮುಂದೆ ಗಣಪತಿ ಸಮಿತಿಯವರೇ ಕಾವಲು ನಿಲ್ಲಲಿ. ಗಾಜು ಒಡೆದರೆ ಎಷ್ಟು ದಿನದಲ್ಲಿ ಯಾರು ಕಟ್ಟಿಕೊಡುತ್ತಾರೆ ಅನ್ನುವುದೂ ಇರಲಿ. ದೂರು ಕೊಟ್ಟವರ ಕೈಯಿಂದ ಮಾತ್ರ ದುಡ್ಡು ಕೀಳಬೇಡಿ. ಅದೊಂದರಲ್ಲಿ ಬುಕ್ಕರಾಯನನ್ನು ಮೀರಿಸಿ. ತಮಟೆಯವರು, ಟ್ರ್ಯಾಕ್ಟರಿನವರು, ಡಿಜೆಯವರು ಎಲ್ಲರೂ ಸಹಿ ಹಾಕಲಿ. ಬರೆದದ್ದನ್ನು ಗುಡಿ ಬಾಗಿಲಿಗೂ ಮಸೀದಿ ಬಾಗಿಲಿಗೂ ಪಂಚಾಯಿತಿ ಗೋಡೆಗೂ ಅಂಟಿಸಿ. ಕಲ್ಲೇನೂ ಬೇಡ, ಫ್ಲೆಕ್ಸ್ ಸಾಕು. ನಿಮ್ಮ ಹುಟ್ಟುಹಬ್ಬಕ್ಕೆ ಹಾಕುತ್ತಾರಲ್ಲ, ಅದರಲ್ಲಿ ಕಾಲು ಭಾಗ ಸೈಜಿನದು.

ಇದೆಲ್ಲ ಹೇಳುವುದಕ್ಕೆ ಮೈಕ್ ಸೆಟ್‌ನವನು ಯಾರು ಅಂತ ಕೇಳಬಹುದು. ಆ ಕಲ್ಲಿನ ಕೊನೆಯಲ್ಲಿ ಇನ್ನೂ ಕೆಲವು ಸಾಲು ಇವೆ. ಕಲ್ಲೇಹದ ಹರ್ವಿ ಸೆಟ್ಟಿಯ ಮಗ ಬುಸುವಿ ಸೆಟ್ಟಿ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನವರನ್ನು ಕರೆತಂದು, ಜೀರ್ಣೋದ್ಧಾರ ಮಾಡಿಸಿದ ಅಂತ. ಕಲ್ಲೇಹ ಅಂದರೆ ಮಾಗಡಿ ಹತ್ತಿರದ ಕಲ್ಯ. ಅಲ್ಲೂ ಇದೇ ಒಪ್ಪಂದದ ಕಲ್ಲು ಇದೆ. ಎರಡೂ ಕಡೆಯವರು ಸೇರಿ ಆ ಸೆಟ್ಟಿಗೆ 'ಸಂಘನಾಯಕ' ಪಟ್ಟ ಕಟ್ಟಿದರಂತೆ. ಅವನು ಅರಸನೂ ಅಲ್ಲ, ಗುರುವೂ ಅಲ್ಲ. ಹೋಗಿ ಕೇಳಿದವನು.

ನನಗೆ ಪಟ್ಟ ಬೇಡ ಸರ್. ಮುಂದಿನ ಸಭೆಗೂ ಮೈಕ್ ನಾನೇ ತರುತ್ತೇನೆ. ಹಿಂದಿನ ಮೂರು ಶಾಂತಿ ಸಭೆಗಳ ಬಾಡಿಗೆ ಬಿಲ್ಲು ಒಂದು ಕಚೇರಿಯ ಮೇಜಿನ ಮೇಲೆ ಇನ್ನೂ ಕೂತಿದೆ. ಅದನ್ನೂ ಒಂದು ಸಲ ವಿಚಾರಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ,
ಶಾಮಿಯಾನ ಮತ್ತು ಮೈಕ್ ಸೆಟ್‌ನವನು