ಮಲ್ಲಿಗೆ ಮಾರುವ ಅಮ್ಮನಿಗೆ

ಉಡುಪಿ ರಥಬೀದಿಯಲ್ಲಿ ಶಂಕರಪುರ ಮಲ್ಲಿಗೆ ಮಾರುವ ಅಮ್ಮ, ನಿಮ್ಮ ಹೆಸರು ಗೊತ್ತಿಲ್ಲ. ಇದನ್ನು ಯಾರಾದರೂ ನಿಮಗೆ ಓದಿ ಹೇಳಲಿ.

ಆವತ್ತು ಪಾಪುವಿನ ಡೈಪರ್ ಸೋರಿ ಫ್ರಾಕೆಲ್ಲ ಒದ್ದೆ. ಒಂದು ಹೋಟೆಲಿನಲ್ಲಿ ಜಾಗ ಕೇಳಿದರೆ, ಖಾಲಿ ಟೇಬಲ್ ತೋರಿಸಿದರು. ಜನ ಊಟ ಮಾಡುವ ಕಡೆ ಅದು ಸರಿಯಲ್ಲ ಅಲ್ವಾ? ಹೊರಗೆ ಬಂದೆ. ನೀವು ಹೂವಿನ ಬುಟ್ಟಿ ಸರಿಸಿ, "ಬಾ ಮಗಾ, ಇಲ್ಲಿ ನೆರಳುಂಟು" ಎಂದಿರಿ.

ಜಗಲಿ ಮೇಲೆ ಗೋಣಿ ಹಾಸಿದಿರಿ. ಅದರ ಮೇಲೆ ನನ್ನ ಪ್ಲಾಸ್ಟಿಕ್ ಶೀಟು. ಸೆರಗು ಅಗಲ ಮಾಡಿ ಬೀದಿಗೆ ಅಡ್ಡ ನಿಂತಿರಿ. ಯಾರೋ ಒಬ್ಬ ಮೊಬೈಲ್ ಎತ್ತಿದ. ನೀವು ತುಳುವಿನಲ್ಲಿ ಬೈದದ್ದು ನನಗೆ ಪೂರ್ತಿ ಅರ್ಥವಾಗಲಿಲ್ಲ, ಅವನಿಗೆ ಚೆನ್ನಾಗಿಯೇ ಅರ್ಥವಾಯಿತು.

ಹೆಣ್ಣುಮಗು ಅಂತ ನೋಡಿ, "ಮುಂದಿನಿಂದ ಹಿಂದಕ್ಕೆ ಒರೆಸು" ಎಂದು ನೆನಪಿಸಿದಿರಿ. ಡಾಕ್ಟರು ಹೇಳುವುದೂ ಅದನ್ನೇ. ಹಿಂದಿನ ಕೊಳೆ ಮುಂದೆ ತಾಗಿದರೆ ಮೂತ್ರದ ಸೋಂಕು ಆಗಬಹುದು.

ಆಮೇಲೆ ಮಾಡಿದ್ದು ಮಾತ್ರ ನಾನು ಮರೆಯುವುದಿಲ್ಲ. ಡೈಪರನ್ನು ಒಳಮುಖವಾಗಿ ಸುರುಳಿ ಸುತ್ತಿಸಿ, ಪೇಪರಿನಲ್ಲಿ ಮಡಚಿ, ಹೂ ಕಟ್ಟುವ ಬಾಳೆನಾರಿನಿಂದ ಬಿಗಿದಿರಿ. ಒಂಚೂರು ವಾಸನೆ ಇಲ್ಲ. 2016ರ ಘನತ್ಯಾಜ್ಯ ನಿಯಮಗಳಲ್ಲೂ ಡೈಪರನ್ನು ಭದ್ರವಾಗಿ ಸುತ್ತಿಯೇ ಕೊಡಬೇಕು ಎಂದಿತ್ತು. ಕಸ ಎತ್ತುವವರ ಕೈಯೂ ಕೈಯೇ ಎಂದಿರಿ ನೀವು.

ದುಡ್ಡು ಕೊಡಲು ಬಂದರೆ ಗದರಿದಿರಿ. ಮಲ್ಲಿಗೆ ಕೊಂಡಾಗ ಮಾತ್ರ ಒಂದು ರೂಪಾಯಿಯನ್ನೂ ಬಿಡಲಿಲ್ಲ! ಅದಕ್ಕೂ ಸೇರಿಸಿ ಥ್ಯಾಂಕ್ಸ್, ಅಮ್ಮ.